ಗಾಬ್ರೊವೊದಿಂದ ತಂದ ಹೆಪ್ಪು

ಲ್ಯುಬೆನ್ ಕಂತಾರ್ಜಿಯೆವ್ ಮೊದಲನೇ ತಪ್ಪಿಗೇ ನಿಂತುಬಿಡುವ ಮನುಷ್ಯ. ಹೋಟೆಲಿನಲ್ಲಿ ಕಾಳಿನ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾಯಿತೆಂದರೆ ಎರಡನೇ ಚಮಚ ಬಾಯಿಗೆ ಹೋಗುತ್ತಿರಲಿಲ್ಲ. ಕೋಟು ತೊಟ್ಟು ಎದ್ದು ನಡೆದೇಬಿಡುತ್ತಿದ್ದ. ಪತ್ರಿಕೆಯಲ್ಲಿ ಅಚ್ಚಿನ ತಪ್ಪು ಕಂಡಿತೋ, ಅಲ್ಲಿಗೇ ಮಡಿಚಿ ಒಲೆಗೆ. ಫುಟ್ಬಾಲಿನ ಸುದ್ದಿ ಕೊನೇ ಪುಟದಲ್ಲಿ ಬರುತ್ತಿದ್ದುದರಿಂದ, ತಮ್ಮೂರಾದ ಪ್ಲೊವ್ದಿವ್‌ನ ತಂಡ ಗೆದ್ದಿತೋ ಸೋತಿತೋ ಎಂಬುದನ್ನು ಅವನಿಗೆ ಹೆಂಡತಿ ನೆವೆನಾ ಹೇಳಬೇಕಾಗುತ್ತಿತ್ತು. ಒಮ್ಮೆ ನೆಂಟರ ಮದುವೆಯಲ್ಲಿ ಕ್ಲಾರಿನೆಟ್ ನುಡಿಸುವವನು ಮೊದಲ ಹಾಡಿನಲ್ಲೇ ಒಂದು ಸ್ವರ ತಪ್ಪಿದ. ಮದುಮಗಳು ರೊಟ್ಟಿ ಮುರಿಯುವ ಮೊದಲೇ ಲ್ಯುಬೆನ್ ಮನೆಯಲ್ಲಿದ್ದ, ಕೊಡಬೇಕಿದ್ದ ಉಡುಗೊರೆ ಕಂಕುಳಲ್ಲೇ ಇತ್ತು. ಅವನ ಭಾವಮೈದ ಸ್ಪಾಸ್ ಅವನನ್ನು ಮನಸಾರೆ ಮೆಚ್ಚಿಕೊಂಡದ್ದು ಆ ಒಂದು ಸಲ ಮಾತ್ರ.

ಮೇಲಿನ ಮಹಡಿಯ ಕೆರಾ ಅಜ್ಜಿಯ ಕತೆ ಇನ್ನೂ ಗಟ್ಟಿ. ಈಸ್ಟರ್ ದಿನ ಕೆಂಪು ಬಣ್ಣ ಹಾಕಿ ಬೇಯಿಸಿದ ಮೊಟ್ಟೆಗಳನ್ನು ಒಬ್ಬರದಕ್ಕೊಬ್ಬರು ಕುಟ್ಟುತ್ತಾರಲ್ಲ, ಯಾರದು ಒಡೆಯದೆ ಉಳಿಯುತ್ತದೋ ವರ್ಷವೆಲ್ಲ ಅವರ ಮೈ ಗಟ್ಟಿ ಎಂದು. ಎಂಬತ್ತು ದಾಟಿದ ಅಜ್ಜಿ ಮರದ ಮೊಟ್ಟೆಗೆ ಬಣ್ಣ ಬಳಿದು ತಂದು ಆ ಮೆಟ್ಟಿಲು ಹತ್ತಿಳಿಯುವ ಮನೆಗಳವರನ್ನೆಲ್ಲ ಸೋಲಿಸಿದಳು. ಗುಟ್ಟು ರಟ್ಟಾದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಲ್ಯುಬೆನ್ ಮಾತ್ರ ಅಂದಿನಿಂದ ಅವಳ ಜೊತೆ ಮಾತು ಬಿಟ್ಟ.

"ಪಾಪ, ವಯಸ್ಸಾದವರು. ಒಂದು ತಮಾಷೆ ಮಾಡಿದ್ರೆ ಏನೀಗ?" ಎಂದು ನೆವೆನಾ ಕೇಳಿದ್ದಳು.

"ಮೊದಲನೇದು ತಪ್ಪಾದ ಮೇಲೆ ಮುಂದಿನದೆಲ್ಲಾ ಸುಳ್ಳೇ ಕಣೇ. ಕೇಳಿ ಏನು ಮಾಡ್ಲಿ?"

ಅವನ ಕಸುಬೂ ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನೇಯುವ ಯಂತ್ರ, ಡಬ್ಬಿ ತುಂಬುವ ಯಂತ್ರ, ಲೇತು, ಇವುಗಳಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವುದಕ್ಕೆ ಒಂದೊಂದು ಪುಟ್ಟ ಭಾಷೆ ಬೇಕು. ಆ ಭಾಷೆಯಲ್ಲಿ ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಭಾಷೆಗೊಂದರಂತೆ ಕೈಯಲ್ಲಿ ಕಂಪೈಲರ್ ಬರೆಯುತ್ತ ಕೂತರೆ ಗಡ್ಡ ನೆರೆತುಹೋಗುತ್ತದೆ. ಲ್ಯುಬೆನ್ ಕಂಪೈಲರ್ ಬರೆಯುತ್ತಿರಲಿಲ್ಲ. ಕಂಪೈಲರ್ ಮಾಡಿಕೊಡುವ ಸಾಧನವನ್ನೇ ಮಾಡಿಟ್ಟಿದ್ದ. ಅದರ ಹೆಸರು ಮೆಲ್ನಿತ್ಸಾ, ಅಂದರೆ ಗಿರಣಿ. ಭಾಷೆಯ ನಿಯಮಗಳನ್ನು ಮೇಲೆ ಸುರಿದರೆ ಕೆಳಗೆ ಕಂಪೈಲರ್ ಹಿಟ್ಟಾಗಿ ಬೀಳುತ್ತಿತ್ತು. ನಿಯಮದಲ್ಲಿ ತಪ್ಪಿದ್ದರೆ ಗಿರಣಿ ಮೊದಲನೇ ತಪ್ಪನ್ನು ತೋರಿಸಿ ನಿಂತುಬಿಡುತ್ತಿತ್ತು. ಎರಡನೇ ತಪ್ಪು ಯಾವುದೆಂದು ತಿಳಿಯಬೇಕಾದರೆ ಮೊದಲನೆಯದನ್ನು ತಿದ್ದಿಕೊಂಡು ಮತ್ತೆ ಬರಬೇಕು. ಹುಟ್ಟಿಸಿದವನ ಹಾಗೇ.

ಮೊದಮೊದಲು ಅದು ಬೈಯುತ್ತಲೂ ಇತ್ತು. ಹಳೆಯ ಗಿರಣಿಗಳು ತಪ್ಪು ಕಂಡರೆ "ಹೋಗಿ ಕಲ್ತು ಬಾ, ಕುಂಬಳಕಾಯಿ ತಲೆ!" ಎಂದು ತೆರೆಯ ಮೇಲೆ ಬರೆಯುತ್ತಿದ್ದವು. ಶಾಲೆಯಲ್ಲಿ ಲೆಕ್ಕದ ಮೇಷ್ಟರಿಂದ ಲ್ಯುಬೆನ್ನನಿಗೆ ಬಂದ ಆಸ್ತಿ ಅದು. ಸ್ಪಾಸ್ ವ್ಯಾಪಾರಕ್ಕೆ ಸೇರಿಕೊಂಡ ದಿನ ಮೊದಲು ಮಾಡಿದ ಕೆಲಸವೆಂದರೆ ಆ ಕುಂಬಳಕಾಯಿಯನ್ನು ತೆಗೆಸಿದ್ದು.

ಸ್ಪಾಸ್ ನೆವೆನಾಳ ತಮ್ಮ. ಹಿಂದೆ ಲ್ಯುತೆನಿತ್ಸಾ ಮಾರುತ್ತಿದ್ದ. ಸುಟ್ಟ ಕೆಂಪು ಮೆಣಸಿನಕಾಯಿಯ ಗೊಜ್ಜು, ಸೀಸೆಯಲ್ಲಿ ತುಂಬಿದ್ದು. ಸರ್ಕಾರಿ ಸಂಸ್ಥೆ ಮುಚ್ಚಿ ಭಾವ ಕೆಲಸ ಕಳೆದುಕೊಂಡು ಮನೆಯಲ್ಲೇ ಕೂತಾಗ, ಗಿರಣಿ ಎಂದರೇನು ಎಂದು ಕೇಳಿ ತಿಳಿದುಕೊಂಡವನು ಒಂದೇ ಮಾತು ಹೇಳಿದ್ದ.

"ಭಾವ, ಗಿರಣಿ ಯಾರಿಗೂ ಮಾರ್ಬೇಡಿ. ಹಿಟ್ಟು ಮಾರಿ. ಅವರು ನಿಯಮ ಕಳಿಸ್ಲಿ, ನಾವು ಬೀಸಿ ಕಳಿಸೋಣ. ನಿಯಮ ಬದಲಾಯ್ತಾ? ಮತ್ತೆ ಬರ್ಲಿ."

ಅಂದಿನಿಂದ ಗಿರಾಕಿಗಳು ಫ್ಲಾಪಿಯಲ್ಲಿ ನಿಯಮ ಕಳಿಸುವುದು, ಇಲ್ಲಿಂದ ಹಿಟ್ಟು ಹೋಗುವುದು. ಆದರೆ ಸ್ಪಾಸ್ ಬರುವುದಕ್ಕೆ ಮುಂಚೆಯೇ ಒಂದೇ ಒಂದು ಗಿರಣಿ, ಲ್ಯುಬೆನ್ ತಿದ್ದಿ ತಿದ್ದಿ ಮಾಡಿದವುಗಳಲ್ಲಿ ಮೂರನೆಯದು, ಮಾರಾಟವಾಗಿ ಹೋಗಿತ್ತು. ಕೊಂಡವನು ಗಾಬ್ರೊವೊದ ಮಿನ್ಯು ಕಲ್ಪಾಕ್ಚಿಯೆವ್. ಗಾಬ್ರೊವೊದವರ ಜಿಪುಣತನದ ಬಗ್ಗೆ ದೇಶವೆಲ್ಲ ಕತೆ ಕಟ್ಟಿ ನಗುತ್ತದೆ. ಆ ಕತೆಗಳನ್ನು ಕಟ್ಟುವವರೂ ಗಾಬ್ರೊವೊದವರೇ, ಅದಕ್ಕೂ ಪರರಿಗೆ ಕೂಲಿ ಕೊಟ್ಟವರಲ್ಲ. ಮಿನ್ಯು ಮಗ್ಗದ ಯಂತ್ರ ಮಾಡುವವನು. ಬೀಸಿದಾಗಲೆಲ್ಲ ಕೂಲಿ ಕೊಡುವುದಕ್ಕಿಂತ ಕಲ್ಲನ್ನೇ ಕೊಳ್ಳುವುದು ಮೇಲು ಎಂದು ಅವನು ಸ್ಪಾಸನಿಗಿಂತ ಮೊದಲೇ ಲೆಕ್ಕ ಹಾಕಿದ್ದ.

ಕೊಂಡ ಮೇಲೆ ಒಂದು ಸಲ ಫೋನ್ ಮಾಡಿದ, ಅದೂ ಎತ್ತಿಕೊಂಡವನ ಖರ್ಚಿನಲ್ಲಿ. "ಲ್ಯುಬೆನ್, ಗಿರಣಿ ಚೆನ್ನಾಗಿದೆ. ಆದ್ರೆ ತಪ್ಪು ಒಂದೊಂದೇ ಯಾಕೆ ಹೇಳುತ್ತೆ? ಎಲ್ಲಾ ಒಟ್ಟಿಗೆ ಹೇಳ್ಲಿ. ಸಂತೆಗೆ ಹೋದ್ರೆ ಒಂದೊಂದು ಈರುಳ್ಳಿಗೆ ಒಂದೊಂದು ಸಲ ಓಡ್ತಾರಾ ಯಾರಾದ್ರೂ?" ಎಂದಿದ್ದ. ಲ್ಯುಬೆನ್ ಅಷ್ಟಕ್ಕೇ ಫೋನ್ ಇಟ್ಟಿದ್ದ. ಆಮೇಲೆ ಎರಡು ಕಡೆಯಿಂದಲೂ ಮಾತಿಲ್ಲ.

ಈ ಗಿರಣಿಯದ್ದು ಒಂದು ಹೆಚ್ಚುಗಾರಿಕೆ ಇತ್ತು. ಅದು ತನ್ನನ್ನು ತಾನೇ ಬೀಸಿಕೊಳ್ಳುತ್ತಿತ್ತು. ಗಿರಣಿಯ ನಿಯಮಗಳನ್ನೂ ಗಿರಣಿಗೇ ಹಾಕಬೇಕು; ಹಳೆಯದು ಹೊಸದನ್ನು ಬೀಸಿ ಕೊಡುತ್ತದೆ, ಹೊಸದು ಅದರ ಮುಂದಿನದನ್ನು. ಬಂದವರಿಗೆಲ್ಲ ಲ್ಯುಬೆನ್ ಇದನ್ನು ಮಗನ ಅಂಕಪಟ್ಟಿ ತೋರಿಸುವವನ ಹಾಗೆ ತೋರಿಸುತ್ತಿದ್ದ.

ಚಳಿಗಾಲ ಮುಗಿಯುತ್ತ ಬಂದ ಒಂದು ಭಾನುವಾರ ಅವನು ಗಿರಣಿಯನ್ನು ಶುಚಿ ಮಾಡಲು ಕೂತ. ಹೆಚ್ಚಿನದು ಎಂದು ಕಂಡ ಒಂದು ನಿಯಮವನ್ನು ಕಿತ್ತು ಹಾಕಿ, ಏಳನೇ ಗಿರಣಿಯಲ್ಲಿ ಎಂಟನೆಯದನ್ನು ಬೀಸಿದ. ಹೊಸದು ಹಳೆಯದನ್ನು ಅಳಿಸಿ ಅದರ ಜಾಗದಲ್ಲೇ ಕೂತುಕೊಂಡಿತು. ಹಳೆಯ ಗಿರಣಿಗಳ ಪ್ರತಿಗಳಿದ್ದ ಫ್ಲಾಪಿಗಳನ್ನೂ ಆಗಲೇ ಒರೆಸಿಬಿಟ್ಟ. ಹಳೇ ತಪ್ಪುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಅವನಿಗೆ ಹೆಣ ಇಟ್ಟುಕೊಂಡ ಹಾಗೆ. ಒರೆಸಿದ ಫ್ಲಾಪಿಗಳು ಸ್ಪಾಸನಿಗೆ ಹಿಟ್ಟು ಕಳಿಸಲು ಬರುತ್ತಿದ್ದವು. ಹೊಸದು ಕೊಳ್ಳುವುದು ತಪ್ಪುತ್ತಿತ್ತು. ಹೀಗಾಗಿ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಹಿಂದೆ ಬಂದಿದ್ದ ಗಿರಾಕಿಯೊಬ್ಬರ ನಿಯಮಗಳನ್ನು ಹಾಕಿ ನೋಡಿದ. ಗಿರಣಿ ಹೇಳಿತು: "ತಪ್ಪು. ಮೊದಲನೇ ಸಾಲು." ನಿಂತಿತು. ಇನ್ನೊಬ್ಬರದು ಹಾಕಿದ. "ತಪ್ಪು. ಮೊದಲನೇ ಸಾಲು." ಏನೂ ಬರೆಯದ ಖಾಲಿ ಹಾಳೆ ಹಾಕಿದ. ಅದರಲ್ಲೂ ತಪ್ಪು, ಅದೂ ಮೊದಲನೇ ಸಾಲಿನಲ್ಲೇ.

ತಪ್ಪು ಎಲ್ಲಿ ಎಂದು ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಚ್ಚಿನದು ಎಂದು ಕಿತ್ತು ಹಾಕಿದ ನಿಯಮವೇ ಸಾಲು ಎಲ್ಲಿ ಮುಗಿಯುತ್ತದೆ ಎಂದು ಗಿರಣಿಗೆ ಹೇಳಿಕೊಡುವುದು. ಅದಿಲ್ಲದೆ ಗಿರಣಿಗೆ ಯಾವ ಸಾಲೂ ಮುಗಿಯುವುದೇ ಇಲ್ಲ, ಮುಗಿಯದೆ ಇದ್ದದ್ದು ಸರಿ ಆಗುವುದಿಲ್ಲ.

ಆ ಹೊತ್ತಿಗೆ ಸ್ಪಾಸ್ ಒಳಗೆ ಬಂದ. "ಏನ್ ಭಾವ, ಮುಖ ಹೀಗಿದೆ? ಪೇಪರ್ ಓದಿದ್ರಾ?"

"ಗಿರಣಿ ಕೆಟ್ಟಿದೆ. ಒಂದು ಸಾಲು ಬಿಟ್ಟುಹೋಗಿತ್ತು."

"ಒಂದು ಸಾಲು ತಾನೇ? ಹಾಕಿ."

"ಹಾಕಿದೀನಿ."

"ಮತ್ತೇನು?"

"ಬೀಸ್ಬೇಕು."

"ಬೀಸಿ!"

"ಯಾವುದ್ರಲ್ಲಿ?"

ಸ್ಪಾಸ್ ಕುರ್ಚಿ ಎಳೆದುಕೊಂಡು ಕೂತ. ವ್ಯಾಪಾರ ಮಾಡುವವನಿಗೆ ನಷ್ಟ ಎಂಬುದು ಬುದ್ಧಿಗಿಂತ ಮೊದಲು ಹೊಟ್ಟೆಗೆ ತಿಳಿಯುತ್ತದೆ. "ಕೈಯಲ್ಲಿ ಬರೆದ್ರೆ?"

"ಬರೀಬಹುದು. ಚೆರಿ ಹಣ್ಣಾಗೋ ಹೊತ್ತಿಗೆ ಮುಗಿಯುತ್ತೆ."

"ಶುಕ್ರವಾರ ಥೆಸಲೊನೀಕಿಯಿಂದ ಆ ಯಮ್ಮ ಬರ್ತಾರೆ ಭಾವ."

ಆ ಯಮ್ಮ ಎಂದರೆ ಗಡಿಯಾಚೆಯ ಗ್ರೀಕ್ ಹೆಂಗಸು ಎವ್ದೊಕ್ಸಿಯಾ. ಎಣ್ಣೆ, ಜ್ಯೂಸು ಬಾಟಲಿಗೆ ತುಂಬುವ ಯಂತ್ರಗಳನ್ನು ಮಾಡುವ ಕಾರ್ಖಾನೆಯವಳು. ಅವಳ ಯಂತ್ರಗಳ ಭಾಷೆಗೆಲ್ಲ ಇಲ್ಲಿಂದಲೇ ಹಿಟ್ಟು ಹೋಗುವುದಾದರೆ ಇನ್ನು ಚಿಂತೆ ಇಲ್ಲ. ತನ್ನ ನಿಯಮಗಳನ್ನು ತಾನೇ ತರುತ್ತೇನೆ, ಕಣ್ಣೆದುರಿಗೇ ಬೀಸಿ ತೋರಿಸಿ ಎಂದಿದ್ದಳು. ಅವಳನ್ನು ನಂಬಿಕೊಂಡು ಸ್ಪಾಸ್ ಇದ್ದಬದ್ದ ಸಣ್ಣ ಗಿರಾಕಿಗಳಿಗೆಲ್ಲ "ಬೇಸಿಗೆವರೆಗೂ ನಮಗೆ ಪುರಸೊತ್ತಿಲ್ಲ" ಎಂದು ಜಂಬದಿಂದ ಹೇಳಿ ಆಗಿತ್ತು.

"ಶುಕ್ರವಾರಕ್ಕೆ ಗಿರಣಿ ತಿರುಗಲಿಲ್ಲ ಅಂದ್ರೆ," ಎಂದ ಸ್ಪಾಸ್, "ಸೀಸೆ ವ್ಯಾಪಾರ ಮತ್ತೆ ಶುರು ಮಾಡೋದೇ. ನೀವು ಮೆಣಸಿನಕಾಯಿ ಸುಡೋಕೆ ಕೂತ್ಕೋಬೇಕು ಭಾವ. ಒಂದು ಸೀದುಹೋದ್ರೆ ಕೋಟು ತೊಟ್ಟು ಹೊರಡೋ ಹಾಗಿಲ್ಲ, ಈಗ್ಲೇ ಹೇಳ್ತೀನಿ."

ಮಧ್ಯಾಹ್ನ ಲ್ಯುಬೆನ್ ಊಟಕ್ಕೆ ಕೂತ. ದುಃಖ ಬಂದರೆ ಅವನಿಗೆ ಮೊಸರು ಬೇಕು. ಬಟ್ಟಲಿನಲ್ಲಿದ್ದದ್ದನ್ನೆಲ್ಲ ಬೆಳ್ಳುಳ್ಳಿ ಹಾಕಿಕೊಂಡು, ರೊಟ್ಟಿಯಿಂದ ಒರೆಸಿ ತಿಂದು ಮುಗಿಸಿದ. ನೆವೆನಾ ಬೆಳಿಗ್ಗೆ ಹಳ್ಳಿಯಿಂದ ಬಂದ ಹಾಲು ಕಾಸಿ, ಬಟ್ಟಲಿಗೆ ಕೈಹಾಕಿದಾಗ ಬಟ್ಟಲು ತೊಳೆದಿಟ್ಟ ಹಾಗಿತ್ತು.

"ಹೆಪ್ಪಿಗೂ ಬಿಡ್ಲಿಲ್ವಾ?"

ಲ್ಯುಬೆನ್ ರೊಟ್ಟಿಯ ಕೊನೇ ಚೂರನ್ನೂ ಬಾಯಿಗೆ ಹಾಕಿಕೊಂಡ.

"ಗಂಡಸಾಗಿ ಇಷ್ಟೂ ತಿಳಿಯಲ್ವಾ? ಒಂದು ಚಮಚ ಹಿಂದಿಡ್ಬೇಕು ಅಂತ? ಅಂಗಡಿ ಮೊಸರಲ್ಲಿ ಹೆಪ್ಪಾಗುತ್ತಾ, ಸುಣ್ಣದ ನೀರದು. ಹೋಗಿ, ಕೆರಾ ಅಜ್ಜಿ ಹತ್ರ ಒಂದು ಚಮಚ ಇಸ್ಕೊಂಡ್ ಬನ್ನಿ."

"ಆ ಮರದ ಮೊಟ್ಟೆಯವಳ ಹತ್ರ ನಾನು ಹೋಗಲ್ಲ."

"ಹಾಲು ಆರ್ತಾ ಇದೆ!"

"ಹೋಗಲ್ಲ ಅಂದೆ."

ನೆವೆನಾ ತಾನೇ ಮೆಟ್ಟಿಲು ಹತ್ತಿದಳು. ಇಳಿದು ಬಂದಾಗ ಕೈಯಲ್ಲಿ ಮುಚ್ಚಿದ ಪುಟ್ಟ ಲೋಟ. "ಕೊಟ್ರು, ನಗ್ತಾ ಕೊಟ್ರು. ಇದು ನಮ್ಮದೇ ಹೆಪ್ಪಂತೆ. ಹೋದ ಚಳಿಗಾಲದಲ್ಲಿ ಅವರದು ಕೆಟ್ಟಾಗ ನಾನೇ ಕೊಟ್ಟಿದ್ದೆ, ಮರೆತೇಹೋಗಿತ್ತು."

ಅವಳು ಆ ಚಮಚವನ್ನು ಹಾಲಿಗೆ ಬಿಟ್ಟು ಕಲಕುವುದನ್ನೇ ಲ್ಯುಬೆನ್ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಬೆನ್ನು ನೆಟ್ಟಗಾಯಿತು.

"ಸ್ಪಾಸ್! ನಮ್ಮ ಹೆಪ್ಪು ಯಾರಿಗೆ ಕೊಟ್ಟಿದ್ವಿ?"

ಮೊಸರು ಸಿಗದೆ ಒಣ ರೊಟ್ಟಿ ಅಗಿಯುತ್ತಿದ್ದ ಸ್ಪಾಸ್ ಅಗಿಯುವುದನ್ನು ನಿಲ್ಲಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಬ್ರೊವೊ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸ್ಪಾಸನಂತೂ ಹಲ್ಲು ನೋವು ಬಂದವನ ಹಾಗೆ ಕೆನ್ನೆ ಹಿಡಿದುಕೊಂಡ.

ಮಾರನೇ ದಿನ ಸ್ಪಾಸನ ಹಳೇ ಕಾರಿನಲ್ಲಿ ಶಿಪ್ಕಾ ಘಾಟಿ ಹತ್ತಿದರು. ದಾರಿಯ ಎರಡೂ ಕಡೆ ಹಿಮ. ಕಾರಿನ ಒಳಗೆ ಹೊರಗಿಗಿಂತ ಚಳಿ.

"ಭಾವ, ನೀವು ಬಾಯಿ ಬಿಡ್ಬೇಡಿ," ಎಂದು ಸ್ಪಾಸ್ ಪಾಠ ಹೇಳುತ್ತಿದ್ದ. "ನಮಗೆ ಬೇಕು ಅಂತ ಗೊತ್ತಾಯ್ತೋ, ಮುಗೀತು, ಚರ್ಮ ಸುಲೀತಾನೆ. ಹಳೇದು ಕೊಟ್ಟು ಹೊಸದು ತಗೊಳ್ಳಿ ಅನ್ನೋಣ. ಸುಮ್ನೆ ಈ ಕಡೆ ಬಂದಿದ್ವಿ ಅನ್ನೋಣ."

"ಈ ಹಿಮದಲ್ಲಿ ಸುಮ್ನೆ ಯಾರು ಬರ್ತಾರೆ?"

"ನೋಡಿ, ಬಾಯಿ ಬಿಡ್ಬೇಡಿ ಅಂದೆ."

ಮಿನ್ಯು ಕಲ್ಪಾಕ್ಚಿಯೆವ್ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದ. ಒಳಗಿಗಿಂತ ಇಲ್ಲೇ ಬೆಚ್ಚಗಿದೆ, ಬಿಸಿಲಿಗೆ ಸೌದೆ ಬೇಡ ಎಂದ. ಕಾಫಿ ಬಂತು. ಬಟ್ಟಲುಗಳು ಕಿವಿಗೆ ಔಷಧಿ ಹಾಕುವಷ್ಟು ದೊಡ್ಡವು. "ಸಕ್ಕರೆ ಬೇಡ ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿ ಒಳಗೆ ಕಳಿಸಿದ.

"ಮಿನ್ಯಣ್ಣ," ಎಂದು ಸ್ಪಾಸ್ ಬೆಣ್ಣೆ ಹಚ್ಚಿದ, "ನಮ್ಮ ಭಾವಂಗೆ ಹಳೇದರ ಮೇಲೆ ಪ್ರೀತಿ ಬಂದುಬಿಟ್ಟಿದೆ. ನಿಮ್ಮ ಹತ್ರ ಇರೋ ಆ ಮೂರನೇ ಗಿರಣಿ, ಪಾಪ ಹಳೇ ಮಾಲು, ಅದನ್ನ ವಾಪಸ್ ಕೊಟ್ಟುಬಿಡಿ. ಹೊಸಾದು ಪುಕ್ಕಟೆ ಕೊಡ್ತೀವಿ."

ಅಲ್ಲೇ ಸ್ಪಾಸ್ ಎಡವಿದ್ದು. ಪ್ಲೊವ್ದಿವ್ ಸಂತೆಯಲ್ಲಿ ಬೆಳೆದವನಿಗೆ ಇದು ತಿಳಿಯಬೇಕಿತ್ತು. ಗಾಬ್ರೊವೊದವನಿಗೆ ಬೆಲೆ ಹೇಳಬೇಕು. ಅವನು ಅರ್ಧಕ್ಕೆ ಇಳಿಸಿ, ಗೆದ್ದೆ ಎಂದುಕೊಂಡು ಸಂತೋಷದಿಂದ ಕೊಡುತ್ತಾನೆ. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮಿನ್ಯು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ಹೊಸಾದು ಕೆಲಸ ಮಾಡುತ್ತಾ?"

"ಓಹೋ, ಬೆಣ್ಣೆ ಹಾಗೆ!"

"ತಂದಿದೀರಾ?"

"ಅದು... ಈಗ ತಂದಿಲ್ಲ ಅಣ್ಣ."

"ಕೊಡೋಕೆ ಬಂದವರು ತಂದಿಲ್ಲ. ಇಸ್ಕೊಳ್ಳೋಕೆ ಮಾತ್ರ ಘಾಟಿ ಹತ್ತಿ ಬಂದಿದೀರಿ." ಮಿನ್ಯು ಲ್ಯುಬೆನ್ನನ ಕಡೆ ತಿರುಗಿದ. "ನೀನು ಬಂದು ಕಾಲು ಗಂಟೆ ಆಯ್ತು. ನನ್ನ ಗೇಟು ವಾರೆ ಇದೆ. ಬೋರ್ಡಿನಲ್ಲಿ ಒಂದಕ್ಷರ ಉದುರಿಹೋಗಿದೆ. ಕಾಫಿ ನನಗೇ ಕುಡಿಯೋಕೆ ಆಗ್ತಾ ಇಲ್ಲ. ಲ್ಯುಬೆನ್ ಕಂತಾರ್ಜಿಯೆವ್ ಒಂದು ತಪ್ಪನ್ನೂ ಹೇಳಿಲ್ಲ! ಏನು ಕಳ್ಕೊಂಡೆ ಮಾರಾಯ?"

ಸ್ಪಾಸ್ ಭಾವನ ಕಾಲು ತುಳಿದ. ತಡವಾಗಿತ್ತು.

"ಗಿರಣಿ ಕಳ್ಕೊಂಡೆ ಮಿನ್ಯಣ್ಣ," ಎಂದ ಲ್ಯುಬೆನ್. "ಎಲ್ಲಾ ಒರೆಸಿಹಾಕಿದೀನಿ. ನಿಮ್ಮ ಹತ್ರ ಇರೋದು ಬಿಟ್ರೆ ಭೂಮಿ ಮೇಲೆ ಇನ್ನೊಂದಿಲ್ಲ."

ಮಿನ್ಯು ಟೋಪಿ ತೆಗೆದ. ಒಂದು ಕ್ಷಣ ಸಾವಿನ ಮನೆಯ ಮುಂದೆ ನಿಂತವನ ಹಾಗೆ ನಿಂತ. ಒರೆಸಿಹಾಕುವುದು ಎಂಬುದು ಗಾಬ್ರೊವೊದಲ್ಲಿ ಯಾರ ಬಾಯಲ್ಲೂ ಬರದ ಮಾತು. ಆಮೇಲೆ ಟೋಪಿ ಹಾಕಿಕೊಂಡ. ವ್ಯಾಪಾರ ಶುರುವಾಯಿತು.

"ಕೊಡ್ತೀನಿ. ದುಡ್ಡು ಬೇಡ."

ಸ್ಪಾಸ್ ಕೋಟಿನ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡ. ದುಡ್ಡು ಬೇಡ ಎನ್ನುವ ಗಾಬ್ರೊವೊದವನನ್ನು ಅವನು ಕೇಳಿಯೂ ಇರಲಿಲ್ಲ.

"ಆವತ್ತು ಫೋನಲ್ಲಿ ಕೇಳಿದ್ದೆ, ನೀನು ಠಪ್ ಅಂತ ಇಟ್ಟೆ. ಅದೇ ಈಗಲೂ ಕೇಳ್ತೀನಿ. ಗಿರಣಿ ತಪ್ಪುಗಳನ್ನೆಲ್ಲಾ ಒಂದೇ ಸಲಕ್ಕೆ ಹೇಳ್ಬೇಕು."

"ಆಗಲ್ಲ!" ಲ್ಯುಬೆನ್ನನ ಬಾಯಿ ತಾನಾಗಿ ಹೇಳಿತು.

"ಭಾವ!" ಎಂದು ಸ್ಪಾಸ್ ಕೂಗಿಕೊಂಡ.

"ನೀನು ಸುಮ್ನಿರು. ಮಿನ್ಯಣ್ಣ, ಮೊದಲನೇ ತಪ್ಪಾದ ಮೇಲೆ ಗಿರಣಿಗೆ ತಾನೆಲ್ಲಿದೀನಿ ಅಂತಾನೇ ತಿಳಿಯಲ್ಲ. ಆಮೇಲೆ ಅದು ಹೇಳೋದು ಬರೀ ಚಾಡಿ. ಇಲ್ಲದ ತಪ್ಪೂ ಹೇಳುತ್ತೆ."

"ಹೇಳ್ಲಿ. ನನ್ನ ಹತ್ರ ಜರಡಿ ಇದೆ," ಎಂದು ಮಿನ್ಯು ಹಣೆ ತಟ್ಟಿಕೊಂಡ. "ನೋಡಪ್ಪಾ, ಬಸ್ಸಲ್ಲಿ ನಿದ್ದೆ ಹತ್ತಿ ನಿನ್ನ ಸ್ಟಾಪು ತಪ್ಪಿಹೋಯ್ತು ಅನ್ಕೋ. ಬಸ್ಸಿಂದ ಹಾರಿ ಪ್ರಾಣ ಬಿಡ್ತೀಯಾ? ಮುಂದೆ ಗುರುತಿರೋ ಸ್ಟಾಪ್ ಬಂದಾಗ ಇಳೀತೀಯ, ಅಲ್ಲಿಂದ ನಡೀತೀಯ. ನಿನ್ನ ಗಿರಣಿಗೂ ಅದನ್ನೇ ಕಲಿಸು. ತಪ್ಪು ಸಿಕ್ತಾ, ಹೇಳು. ಮುಂದಿನ ಗುರುತು ಬರೋವರೆಗೂ ಕಣ್ಣು ಮುಚ್ಕೊಂಡು ಹೋಗು. ಅಲ್ಲಿಂದ ಮತ್ತೆ ಶುರು ಮಾಡು. ಕರೆಂಟು ಉರಿಯೋದು ನಂದು, ನಿಂಗೇನು ಕಷ್ಟ?"

ಲ್ಯುಬೆನ್ ಅಂಗಳದ ಆ ಗೋಡೆಯಿಂದ ಈ ಗೋಡೆಗೆ ನಡೆದ. ಸ್ಪಾಸ್ ಮೆಣಸಿನಕಾಯಿ ಸುಡುವ ಒಲೆಯನ್ನು ಕೈಯಿಂದಲೇ ಅಭಿನಯಿಸಿ 'ಉಸ್ಸ್' ಎಂದು ಊದಿ ತೋರಿಸಿದ. ಕೊನೆಗೆ ಲ್ಯುಬೆನ್ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಹಾಗೆಂದರೆ ನಮ್ಮಲ್ಲಿ ಒಪ್ಪಿದ ಹಾಗೆ.

ಮೂರನೇ ಗಿರಣಿ ಬಿಸ್ಕತ್ತಿನ ಡಬ್ಬಿಯೊಳಗೆ, ಬಟ್ಟೆ ಸುತ್ತಿಕೊಂಡು, ತುಂಡು ದಾರ ಗಂಟುಹಾಕಿ ಮಾಡಿದ ಹುರಿಯಿಂದ ಬಿಗಿದುಕೊಂಡು ಕೂತಿತ್ತು. ಮೂಲ ಮನೆ ಬಿಟ್ಟು ಹೋಗುವುದಿಲ್ಲ, ಬೇಕಿದ್ದರೆ ಪ್ರತಿ ಮಾಡಿಕೊಳ್ಳಿ ಎಂದ ಮಿನ್ಯು. ಆಗ ತಿಳಿಯಿತು, ಗಿರಣಿ ಒಯ್ಯಲು ಬಂದವರು ಖಾಲಿ ಫ್ಲಾಪಿ ತಂದಿಲ್ಲ. ಮಿನ್ಯುವಿನ ಹತ್ತಿರ ಒಂದಿತ್ತು. ಕಾರಿನಲ್ಲಿ ಸ್ಪಾಸ್ ಎಲ್ಲಿಗೆ ಹೋದರೂ ಇಟ್ಟುಕೊಂಡಿರುವ ಲ್ಯುತೆನಿತ್ಸಾ ಸೀಸೆಯೂ ಒಂದಿತ್ತು. ಅದಲುಬದಲಾಯಿತು. ಸೀಸೆ ಖಾಲಿಯಾದ ಮೇಲೆ ವಾಪಸ್ ಕೊಡಬೇಕಾಗಿಲ್ಲ ಎಂಬುದನ್ನೂ ಮಿನ್ಯು ಮೊದಲೇ ಮಾತಾಡಿಕೊಂಡ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಮೂರನೇ ಗಿರಣಿಗೆ ಈಗಿನ ನಿಯಮಗಳ ಬರವಣಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವ ಹಳೇ ಧಾಟಿಯಲ್ಲಿ ಎಲ್ಲವನ್ನೂ ಬರೆದುಕೊಡಬೇಕು, ಅದರಿಂದ ಒಂದು ಮೆಟ್ಟಿಲು ಮೇಲಿನದನ್ನು ಬೀಸಿಕೊಳ್ಳಬೇಕು, ಅದರಿಂದ ಇನ್ನೊಂದು. ಲ್ಯುಬೆನ್ ಬರೆದು ಹಾಕಿದ. ಗಿರಣಿ ಹೇಳಿತು: "ಹೋಗಿ ಕಲ್ತು ಬಾ, ಕುಂಬಳಕಾಯಿ ತಲೆ!" ನಿಂತಿತು.

ತಿದ್ದಿದ. ಮತ್ತೆ ಹಾಕಿದ.

"ಹೋಗಿ ಕಲ್ತು ಬಾ, ಕುಂಬಳಕಾಯಿ ತಲೆ!"

ಬುಧವಾರ ಪೂರ್ತಿ ಅದು ಅವನನ್ನು ಅವನದೇ ಮಾತಿನಲ್ಲಿ ಬೈಯಿತು, ಒಂದು ಸಲಕ್ಕೆ ಒಂದೇ ತಪ್ಪು ಹೇಳಿ ಬೈಯಿತು. ನೆವೆನಾ ಚಹಾ ಇಟ್ಟು, ತೆರೆ ನೋಡಿ, ತುಟಿ ಕಚ್ಚಿಕೊಂಡು ಹೋದಳು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಲ್ಯುಬೆನ್ ಮೇಜು ಗುದ್ದಿ ಎದ್ದುನಿಂತ.

"ಅಲ್ಲ, ಎಲ್ಲಾ ತಪ್ಪೂ ಒಟ್ಟಿಗೆ ಹೇಳಿದ್ರೆ ಇದರಪ್ಪನ ಗಂಟೇನು ಹೋಗುತ್ತೆ?"

ಬಾಗಿಲಲ್ಲಿ ನಿಂತಿದ್ದ ಸ್ಪಾಸ್ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಬಾಯಿಗೆ ಒಂದು ತುಂಡು ರೊಟ್ಟಿ ತುರುಕಿದಳು. ಅದರಪ್ಪ ಮತ್ತೆ ಕೂತು, ಗಿರಣಿಗೆ ತಪ್ಪು ದಾಟಿ ಮುಂದಕ್ಕೆ ನಡೆಯುವುದನ್ನು ಕಲಿಸಿದ.

ಶುಕ್ರವಾರ ಎವ್ದೊಕ್ಸಿಯಾ ಬಂದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೈಯಲ್ಲಿ ಫ್ಲಾಪಿ, ಮುಖದಲ್ಲಿ ನಗು ಇಲ್ಲ. ಸ್ಪಾಸನಿಗೆ ಮೆಣಸಿನಕಾಯಿ ಮಾರುವಷ್ಟು ಗ್ರೀಕ್ ಬರುತ್ತಿತ್ತು. ಅದರಲ್ಲೇ ಸ್ವಾಗತ ಮಾಡಿ, ನೆವೆನಾ ಮಾಡಿದ ಬಾನಿತ್ಸಾ ಮುಂದಿಟ್ಟ. ಚೀಸು ಇಟ್ಟು ಸುಟ್ಟ ಆ ಪದರದ ರೊಟ್ಟಿಯನ್ನು ಅವಳು ಮುಟ್ಟಲಿಲ್ಲ.

"ಮೊದಲು ಬೀಸಿ," ಎಂದಳು.

ಲ್ಯುಬೆನ್ ಅವಳ ನಿಯಮಗಳನ್ನು ಹಾಕಿದ. ತೆರೆ ತುಂಬಿತು. ತುಂಬಿ ಮೇಲಕ್ಕೆ ಸರಿಯಿತು. ಮತ್ತೆ ತುಂಬಿತು. ಅವಸರದಲ್ಲಿ ಯಾರೂ ಒಂದು ವಿಷಯ ನೋಡಿರಲಿಲ್ಲ. ಮೂರನೇ ಗಿರಣಿಯಿಂದ ಹತ್ತಿ ಬರುವಾಗ ಅದರ ಬಾಯಿಯೂ ಜೊತೆಗೇ ಬಂದಿತ್ತು. ಈಗ ಗಿರಣಿ ಒಂದು ತಪ್ಪಿಗೆ ನಿಲ್ಲುತ್ತಲೂ ಇರಲಿಲ್ಲ. ತೆರೆಯ ಮೇಲಿಂದ ಕೆಳಗಿನವರೆಗೂ ಕುಂಬಳಕಾಯಿ ತಲೆ, ಕುಂಬಳಕಾಯಿ ತಲೆ, ಕುಂಬಳಕಾಯಿ ತಲೆ.

ಲ್ಯುಬೆನ್ನನ ಕಿವಿ ಕೆಂಪಾಯಿತು. ಸ್ಪಾಸ್ ಬಾನಿತ್ಸಾ ತಟ್ಟೆಯನ್ನು ತೆರೆಗೆ ಅಡ್ಡ ಹಿಡಿಯಲು ನೋಡಿದ.

"ಇದೇನು ಬರೆದಿದೆ?" ಎಂದಳು ಅವಳು, ತಟ್ಟೆ ಪಕ್ಕಕ್ಕೆ ಸರಿಸಿ.

"ಇದಾ? ಇದು... 'ಮಾನ್ಯರೇ, ದಯವಿಟ್ಟು ಇಲ್ಲೊಮ್ಮೆ ಕಣ್ಣು ಹಾಯಿಸಿ' ಅಂತ ಮೇಡಂ."

"ಇಷ್ಟು ಸಲಾನೂ?"

"ನಮ್ಮ ಜನಕ್ಕೆ ಸ್ವಲ್ಪ ಮರ್ಯಾದೆ ಜಾಸ್ತಿ ಮೇಡಂ."

ಅವಳು ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ನೋಡಿದಳು. ಪೆನ್ಸಿಲ್ ತೆಗೆದು ಗುರುತು ಮಾಡಿಕೊಂಡಳು. ನಡುವೆ ಲ್ಯುಬೆನ್ನನಿಗೆ ತಡೆಯಲಾಗಲಿಲ್ಲ. "ಈ ಎರಡು ಸುಳ್ಳು. ಮೇಲಿನದರಿಂದ ಹುಟ್ಟಿದ್ದು. ಅವು ತಪ್ಪೇ ಅಲ್ಲ, ಸ್ಪಾಸ್, ಹೇಳು ಅವರಿಗೆ!" ಸ್ಪಾಸ್ ಗ್ರೀಕ್ ಹುಡುಕುತ್ತಿದ್ದಾಗಲೇ ಅವಳು ಆ ಎರಡನ್ನು ಬಿಟ್ಟು ಮುಂದಿನದಕ್ಕೆ ಗುರುತು ಹಾಕಿ ಆಗಿತ್ತು. ಒಂದೇ ಸಲಕ್ಕೆ ಎಲ್ಲವನ್ನೂ ತಿದ್ದಿ ಕೊಟ್ಟಳು. ಗಿರಣಿ ಈ ಸಲ ತಿರುಗಿತು, ನಿಲ್ಲದೆ ಕೊನೆಯವರೆಗೂ ತಿರುಗಿತು. ಹಿಟ್ಟು ಬಿತ್ತು.

ಅವಳು ಬಾನಿತ್ಸಾದ ಒಂದು ತುಂಡು ಬಾಯಿಗಿಟ್ಟುಕೊಂಡು, ಅಗಿದು, ನುಂಗಿ, ಇದೇ ಊರಿನ ಮುದುಕಿಯರ ಹಳೇ ಮಾತಿನಲ್ಲಿ ಹೇಳಿದಳು:

"ನಮ್ಮಜ್ಜಿ ಇದೇ ಊರಲ್ಲಿ ಹುಟ್ಟಿದ್ದು. ಥೆಸಲೊನೀಕಿಗೆ ಬಂದ ಮೇಲೂ ಬೈಯೋಕೆ ಮಾತ್ರ ನಿಮ್ಮ ಭಾಷೇನೇ. ನಾನು ಲೆಕ್ಕ ತಪ್ಪಿದಾಗಲೆಲ್ಲಾ ಕುಂಬಳಕಾಯಿ ತಲೆ ಅಂತಿದ್ಲು."

ಸ್ಪಾಸ್ ಮೆಲ್ಲಗೆ ಭಾವನ ಬೆನ್ನ ಹಿಂದೆ ಸರಿದ.

"ಬೇರೆಯವರ ಸಾಧನಾನೂ ನೋಡಿ ಬಂದೆ," ಎಂದಳು. "ಒಂದು ತಪ್ಪು ಹೇಳಿ ಬಾಯಿ ಮುಚ್ಕೊಂಡು ಕೂತ್ಕೊಳ್ಳುತ್ತೆ, ದೊಡ್ಡ ಮನುಷ್ಯರ ಹಾಗೆ. ಇದು ನಮ್ಮಜ್ಜಿ ಹಾಗೆ. ಬೈದ್ರೂ ಎಲ್ಲಾ ಒಟ್ಟಿಗೆ ಹೇಳಿ ಮುಗಿಸುತ್ತೆ. ಒಪ್ಪಿಗೆ. ಆದ್ರೆ ಆ ಬೈಗುಳ ತೆಗೀಬಾರದು. ನನ್ನ ಹುಡುಗರಿಗೆ ದಯವಿಟ್ಟು ಅಂದ್ರೆ ಕಿವಿ ಕೇಳಿಸಲ್ಲ." ಆಮೇಲೆ ಸ್ಪಾಸನ ಕಡೆ ತಿರುಗಿ, "ನಿಮ್ಮ ಅನುವಾದ ಚೆನ್ನಾಗಿತ್ತು," ಎಂದಳು. ಸ್ಪಾಸ್ ನಾಚಿಕೊಂಡದ್ದನ್ನು ಅವನು ಹುಟ್ಟಿದಾಗಿನಿಂದ ಅಕ್ಕ ನೋಡಿರಲಿಲ್ಲ, ಅಂದು ನೋಡಿದಳು.

ಮಿನ್ಯುವಿಗೆ ಮಾತು ಕೊಟ್ಟ ಹಾಗೆ ಹೊಸ ಗಿರಣಿ ಹೋಯಿತು. ವಾರ ಕಳೆದು ಫೋನ್ ಬಂತು. ಗಾಬ್ರೊವೊ ಕರೆ, ಖರ್ಚು ನೀವು ಕೊಡುತ್ತೀರಾ ಎಂದು ಎಕ್ಸ್‌ಚೇಂಜಿನವಳು ಕೇಳಿದಳು. ಲ್ಯುಬೆನ್ ಕುರ್ಚಿ ಎಳೆದುಕೊಂಡು ಕೂತು, ಕೊಡುತ್ತೇನೆ ಎಂದ. ಮಿನ್ಯು ಹೊಸ ಗಿರಣಿಯಲ್ಲಿ ಕಂಡ ಕುಂದುಗಳನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಕರೆ ತನ್ನ ಖರ್ಚಲ್ಲವಾದ್ದರಿಂದ ಕೆಲವನ್ನು ಎರಡೆರಡು ಸಲ ಹೇಳಿದ. ಲ್ಯುಬೆನ್ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿಕೊಂಡ, ಇಡಲಿಲ್ಲ.

ಈಸ್ಟರ್ ಬಂತು. ಬೆಳಿಗ್ಗೆ ಲ್ಯುಬೆನ್ ಒಂದು ಕೈಯಲ್ಲಿ ಮೊಟ್ಟೆಯ ಬುಟ್ಟಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಫ್ಲಾಪಿ ಹಿಡಿದು ಮೇಲಿನ ಮಹಡಿಗೆ ಹತ್ತಿದ. ಕೆಳಗೆ ನೆವೆನಾ, ಸ್ಪಾಸ್, ಇಡೀ ಮೆಟ್ಟಿಲಿನವರು ಕತ್ತು ಚಾಚಿ ನೋಡುತ್ತಿದ್ದರು. ಕೆರಾ ಅಜ್ಜಿ ಬಾಗಿಲು ತೆರೆದಳು.

"ಅಜ್ಜಿ, ಇದನ್ನ ಒಂದು ಡಬ್ಬೀಲಿ ಹಾಕಿ ಇಟ್ಕೊಂಡಿರಿ. ನಮ್ಮ ಮನೆ ಹೆಪ್ಪು. ನನ್ನ ಕೈಗೆ ಮಾತ್ರ ಕೇಳಿದ ಕೂಡ್ಲೇ ಕೊಡ್ಬೇಡಿ, ಒರೆಸಿಬಿಡ್ತೀನಿ. ನೆವೆನಾ ಕೇಳಿದ್ರೆ ಕೊಡಿ."

ಅಜ್ಜಿ ಫ್ಲಾಪಿಯನ್ನು ಮೂಸಿ ನೋಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅದೇ ಜೇಬಿನಿಂದ ಒಂದು ಕೆಂಪು ಮೊಟ್ಟೆ ತೆಗೆದಳು. ಆ ಹೊಳಪು, ತಳದಲ್ಲಿ ಮರ ಕೆತ್ತಿದ ಕತ್ತಿಯ ಗುರುತು, ಲ್ಯುಬೆನ್ನನ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವನು ತನ್ನ ಬುಟ್ಟಿಯಿಂದ ಒಂದನ್ನು ಎತ್ತಿ ಮುಂದೆ ಹಿಡಿದ. ಅಜ್ಜಿ ಕುಟ್ಟಿದಳು. ಅವನದು ಚೂರುಚೂರಾಯಿತು.

ಮೆಟ್ಟಿಲ ಮೇಲೆ ಎಲ್ಲರೂ ಅವನು ತಿರುಗಿ ಇಳಿಯುವುದನ್ನು ಕಾಯುತ್ತ ನಿಂತರು.

ಲ್ಯುಬೆನ್ ಸಿಪ್ಪೆ ಝಾಡಿಸಿಕೊಂಡು, ಬುಟ್ಟಿಯಿಂದ ಇನ್ನೊಂದು ಮೊಟ್ಟೆ ತೆಗೆದು ಹಿಡಿದ. "ಆಗ್ಲಿ ಅಜ್ಜಿ, ಮುಂದಿನದು."

ಕೆರಾ ಅಜ್ಜಿ ಅವನ ಮುಖವನ್ನು ಒಂದು ಸಲ ನೋಡಿ, ಕೆಳಗೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಪರವಾಗಿಲ್ಲ ಕಣ್ರೋ. ಈ ಕುಂಬಳಕಾಯಿ ತಲೆ ಹೋಗಿ ಕಲ್ತು ಬಂದಿದೆ."